ಮೈದಾನವನ್ನೇ ತರಗತಿಯಾಗಿಸಿದ ಉಸ್ತಾದ್: ಸೈಯದ್ ಅಬ್ದುಲ್ ರಹೀಂ

ಫುಟ್‌ಬಾಲ್ ಎಂದ ಕೂಡಲೇ ಇಂದಿನ ವಿದ್ಯಾರ್ಥಿಗಳ ಬಾಯಲ್ಲಿ ಬರುವ ಹೆಸರುಗಳು ಮೆಸ್ಸಿ, ರೊನಾಲ್ಡೊ, ಎಂಬಾಪೆ. ದೂರದ ದೇಶದ ಆಟಗಾರರ ಗೋಲುಗಳ ಲೆಕ್ಕ ನಮ್ಮ ಮಕ್ಕಳಿಗೆ ಬಾಯಿಪಾಠವಾಗಿದೆ. ಆದರೆ ಭಾರತದ ಫುಟ್‌ಬಾಲ್ ತಂಡವೇ ಏಷ್ಯಾ ಖಂಡದಲ್ಲಿ ಮೊದಲ ಸ್ಥಾನದಲ್ಲಿ ನಿಂತಿದ್ದ ಕಾಲವೊಂದಿತ್ತು ಎಂದರೆ ಅನೇಕರು ನಂಬುವುದಿಲ್ಲ. ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತ ಇದುವರೆಗೆ ಎರಡೇ ಎರಡು ಸಲ ಚಿನ್ನದ ಪದಕ ಗೆದ್ದಿದೆ. ಒಂದು 1951ರಲ್ಲಿ, ಇನ್ನೊಂದು 1962ರಲ್ಲಿ. ಈ ಎರಡೂ ಸಲ ತಂಡವನ್ನು ತಯಾರು ಮಾಡಿದವರು ಒಬ್ಬರೇ ವ್ಯಕ್ತಿ. ಅವರು ದೊಡ್ಡ ಶ್ರೀಮಂತರಲ್ಲ, ವಿದೇಶದಿಂದ ಬಂದ ತಜ್ಞರೂ ಅಲ್ಲ. ಹೈದರಾಬಾದಿನ ಒಬ್ಬ ಶಾಲಾ ಶಿಕ್ಷಕರು. ಅವರೇ ಸೈಯದ್ ಅಬ್ದುಲ್ ರಹೀಂ. ಆಟಗಾರರ ಪಾಲಿಗೆ ಅವರು ರಹೀಂ ಸಾಹೇಬರು.

2024ರಲ್ಲಿ ಅಜಯ್ ದೇವಗನ್ ನಟಿಸಿದ ಮೈದಾನ್ ಎಂಬ ಹಿಂದಿ ಚಲನಚಿತ್ರ ಬಿಡುಗಡೆಯಾದ ಮೇಲೆ ಈ ಹೆಸರು ಮತ್ತೆ ಕೇಳಿಬರುತ್ತಿದೆ. ಸಿನಿಮಾಗಳಲ್ಲಿ ಕಥೆಗೆ ತಕ್ಕಂತೆ ಕೂಡಿಸುವುದು, ಕಳೆಯುವುದು ಇದ್ದೇ ಇರುತ್ತದೆ. ಆದ್ದರಿಂದ ಅವರ ನಿಜಜೀವನವನ್ನು ನಮ್ಮ ವಿದ್ಯಾರ್ಥಿಗಳಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ಶಿಕ್ಷಕರಾಗಿ ಆರಂಭ

ರಹೀಂ ಅವರು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ ಜನಿಸಿದರು. ಆಗ ಹೈದರಾಬಾದ್ ನಿಜಾಮರ ಸಂಸ್ಥಾನ. ಇಂದು ಕರ್ನಾಟಕದಲ್ಲಿರುವ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು ಕೂಡ 1956ರ ರಾಜ್ಯ ಪುನರ್ವಿಂಗಡಣೆಯ ತನಕ ಹೈದರಾಬಾದಿನ ಭಾಗವೇ ಆಗಿದ್ದವು. ಆ ದೃಷ್ಟಿಯಿಂದ ರಹೀಂ ಸಾಹೇಬರು ನಮಗೆ ಪರಕೀಯರಲ್ಲ, ನೆರೆಮನೆಯವರು.

ಅವರು ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. 1918ರಲ್ಲಿ ಸ್ಥಾಪನೆಯಾದ ಈ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಉರ್ದು ಮಾಧ್ಯಮದಲ್ಲಿ ನೀಡಲು ಹುಟ್ಟಿದ ಸಂಸ್ಥೆ ಎಂಬುದು ಉರ್ದು ಕಲಿಯುವ ನಮ್ಮ ಮಕ್ಕಳು ತಿಳಿದಿರಬೇಕಾದ ವಿಷಯ. ರಹೀಂ ಅಲ್ಲಿನ ತಂಡದಲ್ಲಿ ಆಡಿದರು, ಬಿ.ಎ. ಪದವಿ ಪಡೆದರು. ಮುಂದೆ ಕಾಚಿಗುಡ ಮಾಧ್ಯಮಿಕ ಶಾಲೆ, ಚಾದರ್‌ಘಾಟ್ ಪ್ರೌಢಶಾಲೆ ಮೊದಲಾದ ಕಡೆ ಶಿಕ್ಷಕರಾಗಿ ದುಡಿದರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮುಗಿಸಿ ಶಾಲೆಯ ಕ್ರೀಡಾ ಚಟುವಟಿಕೆಗಳ ಹೊಣೆ ಹೊತ್ತರು. ಪಾಠ ಹೇಳುವ ಕೆಲಸವನ್ನೂ ಆಟ ಕಲಿಸುವ ಕೆಲಸವನ್ನೂ ಅವರು ಎಂದೂ ಬೇರೆ ಬೇರೆ ಎಂದು ಎಣಿಸಲಿಲ್ಲ.

1943ರಲ್ಲಿ ಅವರು ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಕೊನೆಯುಸಿರಿನ ತನಕವೂ ಆ ಜವಾಬ್ದಾರಿಯನ್ನು ನಿರ್ವಹಿಸಿದರು.

ದುರ್ಬಲ ಕಾಲಿನ ಪಂದ್ಯಾವಳಿ

ರಹೀಂ ಸಾಹೇಬರ ಬೋಧನಾ ವಿಧಾನವನ್ನು ತಿಳಿಯಲು ಅವರು ಹೈದರಾಬಾದಿನ ಹುಡುಗರಿಗಾಗಿ ನಡೆಸಿದ ವಿಚಿತ್ರ ಪಂದ್ಯಾವಳಿಗಳನ್ನು ನೋಡಬೇಕು.

ಮೊದಲನೆಯದು ದುರ್ಬಲ ಕಾಲಿನ ಪಂದ್ಯಾವಳಿ. ನಮ್ಮಲ್ಲಿ ಹೆಚ್ಚಿನವರು ಬಲಗಾಲಿನಿಂದಲೇ ಚೆಂಡು ಒದೆಯುತ್ತೇವೆ. ಎಡಗಾಲು ನಿಲ್ಲುವುದಕ್ಕೆ ಮಾತ್ರ. ಎದುರಾಳಿಗೆ ಇದು ಗೊತ್ತಾದರೆ ನಮ್ಮ ಬಲಗಾಲಿನ ದಾರಿಯನ್ನು ಮುಚ್ಚಿಬಿಟ್ಟರೆ ಸಾಕು, ಆಟ ಮುಗಿಯಿತು. ಆದ್ದರಿಂದ ಯಾವ ಕಾಲು ದುರ್ಬಲವೋ ಅದರಿಂದಲೇ ಆಡಬೇಕೆಂಬ ನಿಯಮ ಮಾಡಿ ರಹೀಂ ಪಂದ್ಯಗಳನ್ನು ನಡೆಸಿದರು. ಮೊದಮೊದಲು ಚೆಂಡು ಎಲ್ಲೆಲ್ಲಿಗೋ ಹೋಗುವುದು ಸಹಜ. ಆದರೆ ಬಿಡದೆ ಆಡಿದಾಗ ಎರಡೂ ಕಾಲುಗಳು ಸಮನಾಗಿ ಪಳಗುತ್ತವೆ.

ಎರಡನೆಯದು ಡ್ರಿಬ್ಲಿಂಗ್ ಇಲ್ಲದ ಪಂದ್ಯಾವಳಿ. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಒಬ್ಬೊಬ್ಬರನ್ನೇ ಏಮಾರಿಸಿ ಚಪ್ಪಾಳೆ ಗಿಟ್ಟಿಸುವ ಚಪಲ ಹುಡುಗರಲ್ಲಿ ಇರುತ್ತದೆ. ಇಲ್ಲಿ ಅದಕ್ಕೆ ಅವಕಾಶವಿಲ್ಲ. ಚೆಂಡು ಬಂದೊಡನೆ ಜೊತೆಗಾರನಿಗೆ ದಾಟಿಸಬೇಕು. ಜೊತೆಗಾರ ಎಲ್ಲಿದ್ದಾನೆಂದು ಚೆಂಡು ಬರುವ ಮೊದಲೇ ನೋಡಿಟ್ಟುಕೊಂಡಿರಬೇಕು. ಹಂಚಿಕೊಂಡು ಆಡುವ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವುದು ಹೇಗೆ!

ಮೂರನೆಯದು ಎತ್ತರದ ಮಿತಿ ಇರುವ ಪಂದ್ಯಾವಳಿ. ಎತ್ತರ, ದಪ್ಪ ಇರುವ ಹುಡುಗರ ನಡುವೆ ಚಿಕ್ಕ ಮೈಕಟ್ಟಿನ ಮಕ್ಕಳು ಕಂಗಾಲಾಗಿ ಬದಿಗೆ ಸರಿಯದಂತೆ ಅವರಿಗೂ ತಮ್ಮದೇ ಒಂದು ಅಂಗಣ ಸಿಗುವಂತೆ ಮಾಡಿದರು.

ಬಿ.ಎಡ್. ತರಬೇತಿಯಲ್ಲಿ ನಾವು ಪರಿಹಾರ ಬೋಧನೆ, ವೈಯಕ್ತಿಕ ಭಿನ್ನತೆ ಎಂಬ ಪಾಠಗಳನ್ನು ಓದುತ್ತೇವೆ. ಪರೀಕ್ಷೆಯಲ್ಲಿ ಐದು ಅಂಕದ ಪ್ರಶ್ನೆಗೆ ಉತ್ತರವನ್ನೂ ಬರೆಯುತ್ತೇವೆ. ರಹೀಂ ಸಾಹೇಬರು ಅದನ್ನು ಪುಸ್ತಕದಲ್ಲಿ ಬಿಡದೆ ಮಣ್ಣಿನ ಮೈದಾನದಲ್ಲಿ ಮಾಡಿ ತೋರಿಸಿದರು.

ಬಡ ಮಕ್ಕಳ ಪ್ರತಿಭೆಯನ್ನು ಗುರುತಿಸುವುದರಲ್ಲೂ ಅವರು ಎತ್ತಿದ ಕೈ. ಸಿಕಂದರಾಬಾದಿನ ಬಡ ಕುಟುಂಬದ ತುಳಸಿದಾಸ್ ಬಲರಾಮ್ ಎಂಬ ಹುಡುಗನಿಗೆ ಅಭ್ಯಾಸಕ್ಕಾಗಿ ಹೈದರಾಬಾದಿಗೆ ಬಂದುಹೋಗಲು ಹಣವಿರಲಿಲ್ಲ. ರಹೀಂ ಅವನಿಗೆ ಸೈಕಲಿನ ವ್ಯವಸ್ಥೆ ಮಾಡಿಕೊಟ್ಟರು. ಅದೇ ಬಲರಾಮ್ ಮುಂದೆ ಎರಡು ಒಲಿಂಪಿಕ್ಸ್‌ಗಳಲ್ಲಿ ಆಡಿ ಭಾರತದ ಶ್ರೇಷ್ಠ ಮುನ್ಪಡೆ ಆಟಗಾರರಲ್ಲಿ ಒಬ್ಬರಾದರು.

ಸೋಲಿನಿಂದ ಕಲಿತವರು

1950ರಲ್ಲಿ ರಹೀಂ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತುದಾರರಾದರು. ಆ ತಂಡ 1950ರಿಂದ 1954ರ ವರೆಗೆ ಸತತ ಐದು ವರ್ಷ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಕಲ್ಕತ್ತೆಯ ದೊಡ್ಡ ದೊಡ್ಡ ಕ್ಲಬ್ಬುಗಳು ಈ ಪೊಲೀಸರ ತಂಡವನ್ನು ಕಂಡು ಹೆದರುವಂತಾಯಿತು.

1951ರಲ್ಲಿ ಹೊಸದಿಲ್ಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಶೈಲೇನ್ ಮನ್ನಾ ನಾಯಕರಾಗಿದ್ದ ಭಾರತ ತಂಡಕ್ಕೆ ರಹೀಂ ಗುರು. ಅಂತಿಮ ಪಂದ್ಯದಲ್ಲಿ ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನ್ ತಂಡವನ್ನು ಸೋಲಿಸಿ ಭಾರತ ಚಿನ್ನ ಗೆದ್ದಿತು.

ಆದರೆ ಮರುವರ್ಷವೇ ದೊಡ್ಡ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಭಾರತವನ್ನು 10-1 ಗೋಲುಗಳಿಂದ ಸೋಲಿಸಿತು. ಚಳಿಯ ಆ ನಾಡಿನಲ್ಲಿ ನಮ್ಮ ಆಟಗಾರರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಭಾರತದ ಆ ಒಂದೇ ಒಂದು ಗೋಲು ಹೊಡೆದವರು ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಎಂಬುದು ಕರ್ನಾಟಕದವರು ನೆನಪಿಡಬೇಕಾದ ಸಂಗತಿ.

ಬೇರೆ ಯಾರಾದರೂ ಆಗಿದ್ದರೆ ಈ ಸೋಲನ್ನು ಹಣೆಬರಹ ಎಂದು ಬಿಟ್ಟುಬಿಡುತ್ತಿದ್ದರೇನೋ. ರಹೀಂ ಅದನ್ನು ಪಾಠವಾಗಿ ಓದಿದರು. ಆ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಹಂಗೇರಿ ತಂಡ ತನ್ನ ಸೆಂಟರ್ ಫಾರ್ವರ್ಡ್ ಆಟಗಾರನನ್ನು ತುಸು ಹಿಂದಕ್ಕೆ ಸರಿಸಿ ಎದುರಾಳಿಯ ರಕ್ಷಣೆಯನ್ನು ಗೊಂದಲಕ್ಕೆ ಕೆಡವುತ್ತಿತ್ತು. ಈ ತಂತ್ರವನ್ನು ಅವರು ನಮ್ಮ ಹುಡುಗರಿಗೆ ಕಲಿಸಿದರು. ಹೆಲ್ಸಿಂಕಿಯ ನಂತರ ದೇಶದಲ್ಲಿ ಬೂಟು ಕಡ್ಡಾಯವಾಯಿತು.

ಇದರ ಫಲ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಕಂಡಿತು. ಸಮರ್ ಬ್ಯಾನರ್ಜಿ ನಾಯಕತ್ವದ ಆ ತಂಡದಲ್ಲಿ ಬಲರಾಮ್, ಅಜೀಜುದ್ದೀನ್, ನೂರ್ ಮುಹಮ್ಮದ್, ಜುಲ್ಫಿಕಾರ್ ಮುಂತಾದ ಹೈದರಾಬಾದಿನ ಶಿಷ್ಯರಿದ್ದರು. ನಮ್ಮ ರಾಜ್ಯದ ಕೆಂಪಯ್ಯನವರೂ ಇದ್ದರು. ಆತಿಥೇಯ ಆಸ್ಟ್ರೇಲಿಯವನ್ನು ಅವರದೇ ನೆಲದಲ್ಲಿ 4-2ರಿಂದ ಸೋಲಿಸಿದ ಆ ಪಂದ್ಯದಲ್ಲಿ ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಹೀಗೆ ಒಲಿಂಪಿಕ್ಸ್ ಫುಟ್‌ಬಾಲ್‌ನ ಸೆಮಿಫೈನಲ್ ತಲುಪಿದ ಏಷ್ಯಾದ ಮೊದಲ ತಂಡ ಭಾರತವಾಯಿತು. ಅಲ್ಲಿ ಎದುರಾದದ್ದು ಮತ್ತೆ ಅದೇ ಯುಗೊಸ್ಲಾವಿಯ! ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ತಿಂದಿದ್ದ ಭಾರತ ಈ ಸಲ ದ್ವಿತೀಯಾರ್ಧದ ಆರಂಭದಲ್ಲಿ ಮೊದಲ ಗೋಲು ಹೊಡೆದು ಮುನ್ನಡೆ ಪಡೆಯಿತು. ಕೊನೆಗೆ 4-1ರಿಂದ ಸೋತದ್ದು ನಿಜ, ಕಂಚಿನ ಪಂದ್ಯದಲ್ಲಿ ಬಲ್ಗೇರಿಯಕ್ಕೆ 3-0ಯಿಂದ ಸೋತು ನಾಲ್ಕನೇ ಸ್ಥಾನಕ್ಕೆ ತೃಪ್ತಿಪಟ್ಟದ್ದೂ ನಿಜ. ಆದರೆ ಹತ್ತು ಗೋಲಿನ ಸೋಲಿನಿಂದ ನಾಲ್ಕನೇ ಸ್ಥಾನಕ್ಕೆ ಏರಿದ ಆ ನಾಲ್ಕು ವರ್ಷಗಳ ದೂರವನ್ನು ಅಳೆಯುವವರಿಗೆ ಒಬ್ಬ ಗುರುವಿನ ಶ್ರಮ ಅರ್ಥವಾಗುತ್ತದೆ.

ಮಗನೂ ಒಬ್ಬ ಆಟಗಾರ ಮಾತ್ರ

1960ರ ರೋಮ್ ಒಲಿಂಪಿಕ್ಸ್‌ಗೆ ಭಾರತ ಕಠಿಣ ಗುಂಪಿನಲ್ಲಿತ್ತು. ನಾಲ್ವರು ರಕ್ಷಕರು, ಮಧ್ಯದಲ್ಲಿ ಇಬ್ಬರು, ಮುಂದೆ ನಾಲ್ವರು ಎಂಬ 4-2-4 ವಿನ್ಯಾಸವನ್ನು ಭಾರತೀಯರಿಗೆ ಕಲಿಸಿದವರು ರಹೀಂ. ಹಂಗೇರಿಯ ಎದುರು 2-1ರಿಂದ ಸೋತರೂ ಫ್ರಾನ್ಸ್ ತಂಡವನ್ನು 1-1ರಲ್ಲಿ ತಡೆದು ನಿಲ್ಲಿಸಿದರು. ಆ ಗೋಲು ನಾಯಕ ಪಿ.ಕೆ. ಬ್ಯಾನರ್ಜಿಯವರದು.

ಆ ತಂಡದಲ್ಲಿ ರಹೀಂ ಅವರ ಸ್ವಂತ ಮಗ ಸೈಯದ್ ಶಾಹಿದ್ ಹಕೀಂ ಕೂಡ ಇದ್ದರು. ತಂದೆಯೇ ತರಬೇತುದಾರ. ಹಾಗಿದ್ದೂ ಹಕೀಂ ಅವರಿಗೆ ರೋಮ್‌ನಲ್ಲಿ ಒಂದು ಪಂದ್ಯವನ್ನೂ ಆಡುವ ಅವಕಾಶ ಸಿಗಲಿಲ್ಲ. ಸಣ್ಣ ಸಣ್ಣ ಆಯ್ಕೆಗಳಲ್ಲೂ ನಮ್ಮವರು, ತಮ್ಮವರು ಎಂದು ನೋಡುವ ಈ ಕಾಲದಲ್ಲಿ ಇದೊಂದು ಸಂಗತಿ ಅವರ ನ್ಯಾಯಪ್ರಜ್ಞೆಗೆ ಸಾಕ್ಷಿಯಾಗಿದೆ. ಹಕೀಂ ಮುಂದೆ ವಾಯುಪಡೆಯ ಅಧಿಕಾರಿಯಾಗಿ, ತರಬೇತುದಾರರಾಗಿ, ಫಿಫಾ ರೆಫರಿಯಾಗಿ ಹೆಸರು ಮಾಡಿದರು. 2021ರ ಆಗಸ್ಟ್ 22ರಂದು ನಮ್ಮ ಕಲಬುರಗಿಯಲ್ಲಿ ನಿಧನರಾದರು.

ಜಕಾರ್ತದ ಕೊನೆಯ ಪರೀಕ್ಷೆ

1962ರ ಏಷ್ಯನ್ ಕ್ರೀಡಾಕೂಟ ಇಂಡೋನೇಷ್ಯದ ಜಕಾರ್ತದಲ್ಲಿ ನಡೆಯಿತು. ಆ ಹೊತ್ತಿಗೆ ಶ್ವಾಸಕೋಶದ ಕ್ಯಾನ್ಸರ್ ರಹೀಂ ಅವರನ್ನು ಕಾಡುತ್ತಿತ್ತು. ಆರಂಭವೂ ಚೆನ್ನಾಗಿರಲಿಲ್ಲ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯ 2-0ಯಿಂದ ಸೋಲಿಸಿತು. ಬಳಿಕ ಥೈಲ್ಯಾಂಡ್ ಮತ್ತು ಜಪಾನ್ ತಂಡಗಳನ್ನು ಗೆದ್ದರೂ ರಕ್ಷಣಾ ವಿಭಾಗದ ಆಧಾರಸ್ತಂಭ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು.

ಆಗ ರಹೀಂ ತೆಗೆದುಕೊಂಡ ನಿರ್ಧಾರ ಎಲ್ಲರನ್ನೂ ಬೆರಗುಗೊಳಿಸಿತು. ಗಾಯಗೊಂಡ ರಕ್ಷಕನನ್ನು ಹೊರಗಿಡುವ ಬದಲು ಸೆಂಟರ್ ಫಾರ್ವರ್ಡ್ ಆಗಿ ಮುಂದೆ ನಿಲ್ಲಿಸಿದರು! ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಮ್ ವಿರುದ್ಧ 3-2ರ ಗೆಲುವಿನಲ್ಲಿ ಜರ್ನೈಲ್ ಗೋಲು ಹೊಡೆದು ಗುರುವಿನ ಲೆಕ್ಕಾಚಾರ ಸರಿಯೆಂದು ತೋರಿಸಿದರು.

ಹೊರಗಿನ ವಾತಾವರಣ ಇನ್ನೂ ಕಷ್ಟದ್ದಾಗಿತ್ತು. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಇಂಡೋನೇಷ್ಯ ಪ್ರವೇಶ ನೀಡದಿದ್ದುದನ್ನು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಆಕ್ಷೇಪಿಸಿದ್ದರು. ಇದರಿಂದ ಸ್ಥಳೀಯರು ಭಾರತದ ಮೇಲೆ ಸಿಟ್ಟಾದರು. ಭಾರತದ ರಾಯಭಾರ ಕಚೇರಿಯ ಮೇಲೂ ದಾಳಿ ನಡೆಯಿತು. ಆಟಕ್ಕೆ ಸಂಬಂಧವೇ ಇಲ್ಲದ ಜಗಳಕ್ಕೆ ಆಟಗಾರರು ಬೈಗುಳ ಕೇಳಬೇಕಾಯಿತು.

ಫೈನಲ್ ಮುನ್ನ ರೋಗಪೀಡಿತ ಗುರು ಶಿಷ್ಯರ ಬಳಿ ಒಂದು ಕಾಣಿಕೆ ಬೇಡಿದರು. ಅದು ಚಿನ್ನದ ಪದಕ. ಆಟಗಾರರು ಇದನ್ನು ಬದುಕಿನ ಕೊನೆಯ ತನಕ ನೆನೆಸಿಕೊಂಡರು. 1962ರ ಸೆಪ್ಟೆಂಬರ್ 4ರಂದು ಸುಮಾರು ಒಂದು ಲಕ್ಷ ಪ್ರೇಕ್ಷಕರ ಕೂಗಾಟದ ನಡುವೆ ಭಾರತ ಅದೇ ದಕ್ಷಿಣ ಕೊರಿಯವನ್ನು ಎದುರಿಸಿತು. ಇಡೀ ಕ್ರೀಡಾಂಗಣ ವಿರುದ್ಧವಾಗಿದ್ದಾಗ ಭಾರತಕ್ಕಾಗಿ ಹುರಿದುಂಬಿಸಿದವರು ಪಾಕಿಸ್ತಾನದ ಹಾಕಿ ಆಟಗಾರರು ಎಂದು ನಮ್ಮ ಆಟಗಾರರೇ ನೆನಪಿಸಿಕೊಂಡಿದ್ದಾರೆ. 17ನೇ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ, 20ನೇ ನಿಮಿಷದಲ್ಲಿ ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ಜರ್ನೈಲ್ ಸಿಂಗ್ ಗೋಲು ಹೊಡೆದರು. ಜ್ವರದಿಂದ ಚೇತರಿಸಿಕೊಂಡಿದ್ದ ಪೀಟರ್ ತಂಗರಾಜ್ ಗೋಲುಪೆಟ್ಟಿಗೆ ಕಾದರು. 2-1ರಿಂದ ಗೆದ್ದ ಚುನಿ ಗೋಸ್ವಾಮಿ ತಂಡ ಗುರುವಿಗೆ ಕಾಣಿಕೆ ಸಲ್ಲಿಸಿತು.

ಒಂದು ವರ್ಷವೂ ತುಂಬಲಿಲ್ಲ. 1963ರ ಜೂನ್ 11ರಂದು ರಹೀಂ ಸಾಹೇಬರು ಕಣ್ಮುಚ್ಚಿದರು. ಅವರಿಗೆ 53 ವರ್ಷ. ತರಬೇತುದಾರರನ್ನು ಗೌರವಿಸುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು 1985ರಲ್ಲಿ, ಅವರು ತೀರಿಕೊಂಡ 22 ವರ್ಷಗಳ ನಂತರ. 1970ರ ಬ್ಯಾಂಕಾಕ್ ಕೂಟದ ಕಂಚಿನ ಪದಕವೊಂದನ್ನು ಬಿಟ್ಟರೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್‌ನಲ್ಲಿ ಭಾರತಕ್ಕೆ ಮತ್ತೆ ಪದಕ ಬಂದಿಲ್ಲ.

ನಮ್ಮ ಮಕ್ಕಳಿಗೆ ಇಲ್ಲಿ ಪಾಠವೇನು?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಜೂನ್ ಬಂತೆಂದರೆ ಮೈದಾನವೆಲ್ಲ ಕೆಸರುಗದ್ದೆ. ಮಳೆ ನಿಂತ ಮೇಲೆ ಪರೀಕ್ಷೆಯ ತಯಾರಿ. ಆಟದ ಅವಧಿ ಗಣಿತಕ್ಕೋ ವಿಜ್ಞಾನಕ್ಕೋ ಹೋಗಿಬಿಡುತ್ತದೆ. ಆಟವಾಡಿದರೆ ಹೊಟ್ಟೆ ತುಂಬುವುದೇ ಎಂದು ಪೋಷಕರೂ ಕೇಳುತ್ತಾರೆ. ಎಲ್ಲರೂ ಒಲಿಂಪಿಕ್ಸ್ ಆಟಗಾರರಾಗುವುದಿಲ್ಲ, ನಿಜ. ಆದರೆ ಸೋತು ಮತ್ತೆ ಎದ್ದು ನಿಲ್ಲುವುದು, ಚೆಂಡನ್ನು ಜೊತೆಗಾರನಿಗೆ ಕೊಡುವುದು, ಬೈಗುಳದ ನಡುವೆಯೂ ತಾಳ್ಮೆ ಕೆಡದಿರುವುದು, ಇವನ್ನು ಕಪ್ಪುಹಲಗೆಯ ಮೇಲೆ ಬರೆದು ಕಲಿಸಲಾಗದು. ವಾರದ ಆಟದ ಅವಧಿಯನ್ನಾದರೂ ಮಕ್ಕಳಿಗೆ ಉಳಿಸಿಕೊಡಬೇಕೆಂದು ಸಂಘದ ಸದಸ್ಯರಲ್ಲಿ ಮತ್ತು ಸಹೋದ್ಯೋಗಿ ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿ.

ಪ್ರಿಯ ವಿದ್ಯಾರ್ಥಿಗಳೇ, ನಿಮಗೂ ಒಂದೊಂದು ದುರ್ಬಲ ಕಾಲು ಇದೆ. ಮನೆಯಲ್ಲಿ ಉರ್ದು ಅಥವಾ ಬ್ಯಾರಿ ಮಾತನಾಡುವವರಿಗೆ ಕನ್ನಡದ ಒತ್ತಕ್ಷರ ಕಷ್ಟ, ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಕಷ್ಟ, ಕೆಲವರಿಗೆ ಲೆಕ್ಕ ಕಷ್ಟ, ಕೆಲವರಿಗೆ ನಾಲ್ಕು ಜನರ ಮುಂದೆ ನಿಂತು ಮಾತನಾಡುವುದೇ ಕಷ್ಟ. ಕಷ್ಟವಾದದ್ದನ್ನು ಬದಿಗಿಟ್ಟು ಬಲಗಾಲಿನಿಂದಲೇ ಆಡುತ್ತಾ ಹೋದರೆ ಒಂದು ದಿನ ಎದುರಾಳಿ ಆ ದಾರಿಯನ್ನು ಮುಚ್ಚುತ್ತಾನೆ. ಅದು ಎಸ್.ಎಸ್.ಎಲ್.ಸಿ. ಪರೀಕ್ಷೆಯಾಗಿರಬಹುದು, ಕೆಲಸದ ಸಂದರ್ಶನವಾಗಿರಬಹುದು. ದಿನಕ್ಕೆ ಅರ್ಧ ಗಂಟೆ ನಿಮ್ಮ ದುರ್ಬಲ ಕಾಲಿನಿಂದ ಆಡಿರಿ. ಚೆಂಡು ಮೊದಲು ಎಲ್ಲೆಲ್ಲಿಗೋ ಹೋಗುತ್ತದೆ, ಹೋಗಲಿ. ಬಿಡದೆ ಆಡಿದವರಿಗೆ ಒಂದು ದಿನ ಅದು ನೇರವಾಗಿ ಗೋಲಿಗೆ ಹೋಗುತ್ತದೆ.