ಟ್ರಾನ್ಸ್‌ಫಾರ್ಮ್ ಆಚೆಗಿನ ಲಾಪ್ಲಾಸ್

ಲಾಪ್ಲಾಸ್ ಅಂದ್ರೆ ನಮಗೆಲ್ಲ ಟ್ರಾನ್ಸ್‌ಫಾರ್ಮ್ ಅಷ್ಟೇ ನೆನಪು. 1749ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಹುಟ್ಟಿದ ಈತ, ಪಾದ್ರಿಯಾಗಲು ಓದಲು ಹೋಗಿ ಗಣಿತಕ್ಕೆ ಮನಸೋತ. 1774ರಲ್ಲಿ ಫಲಿತಾಂಶದಿಂದ ಕಾರಣ ಊಹಿಸುವ ಸೂತ್ರ ಕೊಟ್ಟ. ಆಮೇಲೆ ಪ್ಯಾರಿಸ್‌ನ 26 ವರ್ಷಗಳ ಜನನ ಲೆಕ್ಕ ಹಿಡಿದು ಕೂತ: ಗಂಡು 2,51,527, ಹೆಣ್ಣು 2,41,945. ಇಷ್ಟು ದೊಡ್ಡ ಸಂಖ್ಯೆಗೆ ಇಂಟಿಗ್ರಲ್ ಬಿಡಿಸೋದು ಹೇಗೆ? ಅಂದಾಜಿನ ವಿಧಾನವನ್ನೇ ಕಟ್ಟಿದ. ಸ್ಯಾಂಪಲ್ ದೊಡ್ಡದಾದಷ್ಟೂ ಉತ್ತರ ಗಂಟೆಯಾಕಾರದ ಕರ್ವ್‌ಗೆ ಹತ್ತಿರವಾಗುತ್ತೆ ಅಂತ ತೋರಿಸಿದ. ಗಂಡು ಹುಟ್ಟುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚೆಂಬುದು ಖಚಿತವಾಯ್ತು.

1827ರಲ್ಲಿ ಆತ ತೀರಿಕೊಂಡ, ಉಪಾಯ ಉಳಿಯಿತು. ವಿದ್ಯಾರ್ಥಿ, ಸೆಕ್ಷನ್, ಕಾಲೇಜು ಹೀಗೆ ಒಂದರೊಳಗೊಂದಿರುವ ಡೇಟಾಕ್ಕೂ ಅದನ್ನೇ ಬಳಸ್ತೀವಿ. ಆದ್ರೆ ಹುಷಾರು: ಲಕ್ಷ ವಿದ್ಯಾರ್ಥಿಗಳಿದ್ರೂ ಕಾಲೇಜು ಎರಡೇ ಆದ್ರೆ, ಕಾಲೇಜುಗಳ ನಡುವಿನ ವ್ಯತ್ಯಾಸ ಅಳೆಯೋಕೆ ನಮ್ಮ ಸ್ಯಾಂಪಲ್ ಬರೀ ಎರಡು!