ಕರ್ಟ್ ಲೆವಿನ್ ಮತ್ತು ನಾನು ತುಂಬಿದ ಎಂಟು ಪ್ರಶ್ನಾವಳಿಗಳು

ನನ್ನ ಆಪಾ ಎಂ.ಕಾಂ. ಓದುತ್ತಿದ್ದಾರೆ. ಸಂಶೋಧನಾ ವಿಧಾನಗಳು ಎಂಬ ವಿಷಯಕ್ಕಾಗಿ ಅವರು ಒಂದು ಗಾರ್ಮೆಂಟ್ಸ್‌ನ 50 ಕೆಲಸಗಾರರಿಂದ ಪ್ರಶ್ನಾವಳಿ ತುಂಬಿಸಿ ತರಬೇಕಿತ್ತು. 42 ಬಂದವು. ಕೊನೆಯ ದಿನಾಂಕ ಹತ್ತಿರವಾಗಿತ್ತು. ಉಳಿದ ಎಂಟನ್ನು ರಾತ್ರಿ ಕುಳಿತು, ಬೇರೆ ಬೇರೆ ಪೆನ್ನುಗಳಲ್ಲಿ ನಾನೇ ತುಂಬಿದೆ. ದೊಡ್ಡ ಸಹಾಯ ಮಾಡಿದೆನೆಂದು ಖುಷಿಯಾಗಿತ್ತು. ಬೆಳಿಗ್ಗೆ ಅವನ್ನು ನೋಡಿದ ಆಪಾ ಬೈಯಲಿಲ್ಲ. ತಮ್ಮ ಪುಸ್ತಕದಲ್ಲಿ ಒಂದು ಪಾಠ ತೆರೆದು ಓದು ಎಂದರು. ಅದು ಕರ್ಟ್ ಲೆವಿನ್ ಅವರ ಬಗ್ಗೆ ಇತ್ತು.

ಲೆವಿನ್ 1890ರಲ್ಲಿ ಮೊಗಿಲ್ನೊ ಎಂಬ ಊರಿನಲ್ಲಿ ಹುಟ್ಟಿದರು. ಅದು ಆಗ ಜರ್ಮನಿಯಲ್ಲಿತ್ತು, ಈಗ ಪೋಲೆಂಡಿನಲ್ಲಿದೆ. ಅವರದು ಯಹೂದಿ ಕುಟುಂಬ, ತಂದೆಗೆ ಒಂದು ಅಂಗಡಿ ಇತ್ತು. ಮೊದಲು ವೈದ್ಯಕೀಯಕ್ಕೆ ಸೇರಿದ ಲೆವಿನ್ ಅದನ್ನು ಬಿಟ್ಟು ಬರ್ಲಿನ್‌ನಲ್ಲಿ ಮನಶ್ಶಾಸ್ತ್ರ ಓದಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರಾಗಿ ಹೋರಾಡಿ ಗಾಯಗೊಂಡರು. ಆದರೂ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಆ ದೇಶದಲ್ಲಿ ಅವರಿಗೆ ಜಾಗ ಉಳಿಯಲಿಲ್ಲ. ಅಮೆರಿಕಕ್ಕೆ ಹೋದರು. ಅವರ ತಾಯಿಯನ್ನು ನಾಜಿಗಳು ಕೊಂದರು.

ಜನರ ಗುಂಪು ಹೇಗೆ ಯೋಚಿಸುತ್ತದೆ, ಹೇಗೆ ಬದಲಾಗುತ್ತದೆ ಎಂಬುದೇ ಅವರ ಅಧ್ಯಯನವಾಯಿತು. ಅಯೋವಾ ವಿಶ್ವವಿದ್ಯಾಲಯದಲ್ಲಿ ಅವರೂ ಅವರ ಶಿಷ್ಯರೂ ಚಿಕ್ಕ ಹುಡುಗರ ಗುಂಪುಗಳನ್ನು ಮಾಡಿದರು. ಒಂದು ಬಗೆಯ ನಾಯಕ ಬರೀ ಆಜ್ಞೆ ಕೊಡುತ್ತಿದ್ದ, ಇನ್ನೊಂದು ಬಗೆಯವನು ಹುಡುಗರನ್ನು ಕೇಳಿ ನಡೆಯುತ್ತಿದ್ದ. ಆಜ್ಞೆ ಕೊಡುವವನು ಹೊರಗೆ ಹೋದ ಕೂಡಲೇ ಅವನ ಗುಂಪಿನ ಕೆಲಸ ಕುಸಿಯುತ್ತಿತ್ತು. ಕೇಳಿ ನಡೆಯುವವನ ಗುಂಪು ಮುಂದುವರಿಸುತ್ತಿತ್ತು.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದಲ್ಲಿ ಮಾಂಸದ ಕೊರತೆಯಾಯಿತು. ಅಲ್ಲಿನ ಗೃಹಿಣಿಯರು ಪ್ರಾಣಿಯ ಹೃದಯ, ಮೂತ್ರಪಿಂಡಗಳನ್ನು ಅಡುಗೆಗೆ ಮುಟ್ಟುತ್ತಿರಲಿಲ್ಲ. ಇದನ್ನು ಓದಿ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಬಕ್ರೀದ್ ದಿನ ದಿಲ್, ಗುರ್ದೆಗಾಗಿಯೇ ಜಗಳ! ಲೆವಿನ್ ಕೆಲವು ಗುಂಪುಗಳಿಗೆ ಉಪನ್ಯಾಸ ಕೊಡಿಸಿದರು. ಬೇರೆ ಗುಂಪುಗಳು ತಾವೇ ಚರ್ಚಿಸಿ ತೀರ್ಮಾನಿಸಲಿ ಎಂದು ಬಿಟ್ಟರು. ಹೊಸ ಮಾಂಸವನ್ನು ಅಡುಗೆ ಮಾಡಿದವರು ಉಪನ್ಯಾಸ ಕೇಳಿದವರಲ್ಲಿ ಶೇ. 3, ಚರ್ಚಿಸಿದವರಲ್ಲಿ ಶೇ. 32.

ಪೈಜಾಮ ಹೊಲಿಯುವ ಹಾರ್ವುಡ್ ಕಾರ್ಖಾನೆಯಲ್ಲೂ ಇದೇ ಕಂಡಿತು. ಕೆಲಸದ ವಿಧಾನ ಬದಲಿಸುವಾಗ ಕೆಲಸಗಾರರನ್ನೂ ಸೇರಿಸಿಕೊಂಡರೆ ಉತ್ಪಾದನೆ ಬೇಗ ಚೇತರಿಸಿ ಮೊದಲಿಗಿಂತ ಹೆಚ್ಚಾಯಿತು. ಬರೀ ಆದೇಶ ಪಡೆದ ಗುಂಪಿನಲ್ಲಿ 40 ದಿನಗಳೊಳಗೆ ಶೇ. 17 ಜನ ಕೆಲಸ ಬಿಟ್ಟರು. ಈ ವರದಿ 1948ರಲ್ಲಿ ಪ್ರಕಟವಾದಾಗ ಲೆವಿನ್ ಇರಲಿಲ್ಲ. 1947ರ ಫೆಬ್ರವರಿಯಲ್ಲಿ, 56ನೇ ವಯಸ್ಸಿನಲ್ಲಿ, ಹೃದಯಾಘಾತದಿಂದ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಅವರು ಅಲ್ಪಸಂಖ್ಯಾತರ ಸಮಸ್ಯೆಗಳ ಬಗ್ಗೆ ಕೆಲಸ ಮಾಡಿದರು. ಸಂಶೋಧನೆ ಪುಸ್ತಕದಲ್ಲಿ ಮುಗಿಯದೆ, ಜನರೊಂದಿಗೆ ಸೇರಿ ಅವರ ಸ್ಥಿತಿ ಬದಲಿಸಬೇಕು ಎಂದು ನಂಬಿದ್ದರು. ಇದಕ್ಕೆ ಕ್ರಿಯಾ ಸಂಶೋಧನೆ ಎನ್ನುತ್ತಾರೆ.

ಪಾಠ ಮುಗಿಸಿ ಆ ಎಂಟು ಹಾಳೆಗಳನ್ನು ನಾನೇ ಹರಿದೆ. ಮರುದಿನ ಊಟದ ಬಿಡುವಿನಲ್ಲಿ ಆಪಾ ಜೊತೆ ಗಾರ್ಮೆಂಟ್ಸ್‌ಗೆ ಹೋದೆ. ಓದಲು ಬಾರದವರಿಗೆ ಪ್ರಶ್ನೆಗಳನ್ನು ಉರ್ದುವಿನಲ್ಲಿ ಹೇಳಿದೆ. ಮೇಲ್ವಿಚಾರಕರು ಹತ್ತಿರವಿರಲಿಲ್ಲ. ಒಬ್ಬ ಖಾಲಾ, ಮೊದಲು ಕೊಟ್ಟ ಹಾಳೆಯಲ್ಲಿ ಹೆದರಿ ಎಲ್ಲದಕ್ಕೂ ಹೌದು ಎಂದು ಗುರುತು ಹಾಕಿದ್ದಾಗಿ ಹೇಳಿದರು. ನಾನು ತುಂಬಿದ್ದ ಎಂಟರಲ್ಲೂ ಹೌದು ಎಂದೇ ಇತ್ತು. ಆದ್ದರಿಂದ ಆಪಾ ಆ 42 ಹಾಳೆಗಳನ್ನೂ ಪಕ್ಕಕ್ಕಿಟ್ಟು ಮತ್ತೆ ಕೇಳಲು ಶುರು ಮಾಡಿದರು. ವರದಿ ಒಂದು ವಾರ ತಡವಾಯಿತು, ಅಂಕವೂ ಕಡಿಮೆಯಾಗಬಹುದು.

ಗೆಳೆಯರೇ, ನಾಳೆ ನಾವೂ ಬಿ.ಕಾಂ., ಎಂ.ಕಾಂ. ಓದುತ್ತೇವೆ, ನಮ್ಮ ಕೈಗೂ ಪ್ರಶ್ನಾವಳಿಗಳು ಬರುತ್ತವೆ. ಒಂದೊಂದು ಹಾಳೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಅವನ ಬದಲು ನಾವು ಉತ್ತರ ಬರೆಯುವುದು ಬೇಡ.