ಬಿಲ್ ಶ್ಯಾಂಕ್ಲಿ

ವಿಲಿಯಂ ಶ್ಯಾಂಕ್ಲಿ (2 ಸೆಪ್ಟೆಂಬರ್ 1913 – 29 ಸೆಪ್ಟೆಂಬರ್ 1981) ಸ್ಕಾಟ್ಲೆಂಡ್ ಮೂಲದ ಫುಟ್‌ಬಾಲ್ ಆಟಗಾರರು ಹಾಗೂ ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ವ್ಯವಸ್ಥಾಪಕರು. ಬಿಲ್ ಶ್ಯಾಂಕ್ಲಿ ಎಂಬ ಹೆಸರಿನಿಂದಲೇ ಪ್ರಸಿದ್ಧರಾದ ಇವರು 1959ರ ಡಿಸೆಂಬರಿನಿಂದ 1974ರ ಜುಲೈವರೆಗೆ ಆ ಹುದ್ದೆಯಲ್ಲಿದ್ದರು. ಎರಡನೇ ವಿಭಾಗದಲ್ಲಿ ಸಿಲುಕಿಕೊಂಡಿದ್ದ ತಂಡವನ್ನು ಮೇಲಕ್ಕೆತ್ತಿ ಮೂರು ಬಾರಿ ಇಂಗ್ಲಿಷ್ ಲೀಗ್ ಪ್ರಶಸ್ತಿಯನ್ನೂ ಎರಡು ಬಾರಿ ಎಫ್.ಎ. ಕಪ್ಪನ್ನೂ ಒಮ್ಮೆ ಯುಇಎಫ್‌ಎ ಕಪ್ಪನ್ನೂ ಗೆದ್ದುಕೊಟ್ಟರು. ಬ್ರಿಟಿಷ್ ಫುಟ್‌ಬಾಲಿನಲ್ಲಿ ವ್ಯವಸ್ಥಾಪಕನೆಂದರೆ ಕಚೇರಿಯ ಲೆಕ್ಕಪತ್ರ ನೋಡುವವನಲ್ಲ. ತಂಡವನ್ನು ಆರಿಸಿ, ಆಟಗಾರರನ್ನು ಕೊಂಡು ಮಾರಿ, ತರಬೇತಿಯನ್ನು ನಡೆಸುವ ಮುಖ್ಯಸ್ಥನೇ ಅವನು.

ಪ್ರಶಸ್ತಿಗಳ ಎಣಿಕೆಯಲ್ಲಿ ಶ್ಯಾಂಕ್ಲಿಯವರನ್ನು ಮೀರಿಸಿದವರು ಹಲವರಿದ್ದಾರೆ. ಅವರ ನಂತರ ಅದೇ ಕುರ್ಚಿಯಲ್ಲಿ ಕುಳಿತ ಬಾಬ್ ಪೇಸ್ಲಿಯವರೇ ಅವರನ್ನು ಬಹಳ ಹಿಂದೆ ಹಾಕಿದರು. ಆದರೆ ಮೈದಾನದ ಅಂಚಿನ ಮೆಟ್ಟಿಲುಗಳ ಮೇಲೆ ನಿಂತು ಆಟ ನೋಡುತ್ತಿದ್ದ ದುಡಿಯುವ ವರ್ಗದ ಪ್ರೇಕ್ಷಕರೊಂದಿಗೆ ಅವರಿಗಿದ್ದಂತಹ ನಂಟು ಮತ್ತೊಬ್ಬ ವ್ಯವಸ್ಥಾಪಕರಿಗೆ ಒದಗಿದ್ದು ವಿರಳ.

ಬಾಲ್ಯ

ಶ್ಯಾಂಕ್ಲಿಯವರು ಜನಿಸಿದ್ದು ಸ್ಕಾಟ್ಲೆಂಡಿನ ಏರ್‌ಷೈರ್ ಪ್ರಾಂತದ ಗ್ಲೆನ್‌ಬಕ್ ಎಂಬ ಪುಟ್ಟ ಕಲ್ಲಿದ್ದಲು ಗಣಿ ಹಳ್ಳಿಯಲ್ಲಿ. ತಂದೆ ಜಾನ್ ಮೊದಲು ಅಂಚೆ ಹಂಚುತ್ತಿದ್ದು ಬಳಿಕ ದರ್ಜಿಯಾದವರು, ತಾಯಿ ಬಾರ್ಬರಾ. ದಂಪತಿಗಳ ಹತ್ತು ಮಕ್ಕಳಲ್ಲಿ ಬಿಲ್ ಒಂಬತ್ತನೆಯವರು, ಐವರು ಗಂಡುಮಕ್ಕಳಲ್ಲಿ ಕಿರಿಯರು. ಐವರು ಸಹೋದರರೂ ವೃತ್ತಿಪರ ಫುಟ್‌ಬಾಲ್ ಆಟಗಾರರಾದರು. ಅಣ್ಣ ಬಾಬ್ ಶ್ಯಾಂಕ್ಲಿ ಮುಂದೆ ಡಂಡೀ ತಂಡದ ವ್ಯವಸ್ಥಾಪಕರಾಗಿ 1962ರಲ್ಲಿ ಸ್ಕಾಟಿಷ್ ಲೀಗ್ ಪ್ರಶಸ್ತಿಯನ್ನು ಗೆದ್ದರು.

ಗ್ಲೆನ್‌ಬಕ್‌ನಲ್ಲಿ ಹುಡುಗರ ಮುಂದಿದ್ದ ದಾರಿಗಳು ಎರಡೇ: ಗಣಿ ಅಥವಾ ಚೆಂಡು. ಕೆಲವೇ ನೂರು ಜನರ ಆ ಹಳ್ಳಿಯ ತಂಡ ಗ್ಲೆನ್‌ಬಕ್ ಚೆರಿಪಿಕರ್ಸ್ ಸುಮಾರು ಐವತ್ತು ಮಂದಿ ವೃತ್ತಿಪರ ಆಟಗಾರರನ್ನು ನೀಡಿತೆನ್ನುವುದು ಉತ್ಪ್ರೇಕ್ಷೆಯಂತೆ ಕಂಡರೂ ಸ್ಕಾಟಿಷ್ ಫುಟ್‌ಬಾಲಿನ ಇತಿಹಾಸದಲ್ಲಿ ಮತ್ತೆ ಮತ್ತೆ ಉಲ್ಲೇಖಗೊಳ್ಳುವ ಸಂಗತಿ. ಬಿಲ್ 14ನೇ ವಯಸ್ಸಿಗೆ ಶಾಲೆ ಬಿಟ್ಟು ಗಣಿಗೆ ಇಳಿದರು. ಸುಮಾರು ಎರಡು ವರ್ಷಗಳಲ್ಲಿ ಆ ಗಣಿ ಮುಚ್ಚಿತು, ಅವರು ನಿರುದ್ಯೋಗಿಯಾದರು. ಒಬ್ಬನ ದುಡಿಮೆಯ ಮೇಲೆ ಮತ್ತೊಬ್ಬನ ಪ್ರಾಣ ನಿಂತಿರುವ ಗಣಿಯ ಬದುಕು ಅವರ ಸಮಾಜವಾದಿ ನಿಲುವಿಗೆ ಬುನಾದಿಯಾಯಿತು. ತಂಡವೆಂದರೆ ಎಲ್ಲರೂ ಎಲ್ಲರಿಗಾಗಿ ದುಡಿಯಬೇಕು, ಫಲವನ್ನು ಎಲ್ಲರೂ ಹಂಚಿಕೊಳ್ಳಬೇಕು ಎಂಬ ಅವರ ಮುಂದಿನ ತತ್ತ್ವದ ಬೇರು ಇಲ್ಲಿಯೇ ಇದೆ.

ಆಟಗಾರರಾಗಿ

ಕ್ರಾನ್‌ಬೆರಿ ಎಗ್ಲಿಂಟನ್ ಎಂಬ ಸ್ಥಳೀಯ ತಂಡದಲ್ಲಿ ಆಡುತ್ತಿದ್ದ ಶ್ಯಾಂಕ್ಲಿಯವರು 1932ರಲ್ಲಿ ಕಾರ್ಲೈಲ್ ಯುನೈಟೆಡ್ ಸೇರಿದರು. ಮರುವರ್ಷ 500 ಪೌಂಡುಗಳಿಗೆ ಪ್ರೆಸ್ಟನ್ ನಾರ್ತ್ ಎಂಡ್ ಅವರನ್ನು ಕೊಂಡಿತು. ರೈಟ್ ಹಾಫ್ ಸ್ಥಾನದಲ್ಲಿ ಆಡುತ್ತಿದ್ದ ಅವರು ದಣಿವರಿಯದ ಓಟಕ್ಕೂ ಗಟ್ಟಿ ಟ್ಯಾಕಲ್‌ಗೂ ಹೆಸರಾಗಿ, ಆ ಕ್ಲಬ್ಬಿಗೆ 300ಕ್ಕೂ ಹೆಚ್ಚು ಪಂದ್ಯಗಳನ್ನು ಆಡಿದರು. 1937ರ ಎಫ್.ಎ. ಕಪ್ ಫೈನಲ್‌ನಲ್ಲಿ ಪ್ರೆಸ್ಟನ್ ಸಂಡರ್‌ಲ್ಯಾಂಡ್ ಎದುರು ಸೋತಿತು. ಮರುವರ್ಷ ಹಡರ್ಸ್‌ಫೀಲ್ಡ್ ಟೌನ್ ವಿರುದ್ಧ ಹೆಚ್ಚುವರಿ ಅವಧಿಯ ಕೊನೆಯ ಕ್ಷಣದಲ್ಲಿ ಜಾರ್ಜ್ ಮಚ್ ಹೊಡೆದ ಪೆನಾಲ್ಟಿಯಿಂದ ಕಪ್ ಗೆದ್ದಿತು. 1938ರ ಏಪ್ರಿಲ್‌ನಲ್ಲಿ ವೆಂಬ್ಲಿಯಲ್ಲಿ ಇಂಗ್ಲೆಂಡಿನ ಎದುರು ಸ್ಕಾಟ್ಲೆಂಡಿನ ಪರ ಮೊದಲ ಪಂದ್ಯವಾಡಿದರು. ಒಟ್ಟು ಐದು ಅಧಿಕೃತ ಅಂತರರಾಷ್ಟ್ರೀಯ ಪಂದ್ಯಗಳಾಗುವಷ್ಟರಲ್ಲಿ ಎರಡನೇ ಮಹಾಯುದ್ಧ ಆರಂಭವಾಯಿತು. ಆಟಗಾರನ ಬಾಳಿನ ಅತ್ಯುತ್ತಮ ವರ್ಷಗಳನ್ನು ಅವರು ವಾಯುಪಡೆಯ ಸೇವೆಯಲ್ಲಿ ಕಳೆಯಬೇಕಾಯಿತು. ಅಲ್ಲಿಯೇ ಪರಿಚಯವಾದ ಆಗ್ನೆಸ್ ಫಿಶರ್ ಅವರನ್ನು 1944ರಲ್ಲಿ ವಿವಾಹವಾದರು. ನೆಸ್ಸಿ ಎಂದೇ ಎಲ್ಲರಿಗೂ ಪರಿಚಿತರಾದ ಆಕೆಗೆ ಫುಟ್‌ಬಾಲಿನಲ್ಲಿ ಹೆಚ್ಚಿನ ಆಸಕ್ತಿ ಇರಲಿಲ್ಲ. ದಂಪತಿಗಳಿಗೆ ಇಬ್ಬರು ಹೆಣ್ಣುಮಕ್ಕಳು.

ಸಣ್ಣ ಕ್ಲಬ್ಬುಗಳಲ್ಲಿ ಹತ್ತು ವರ್ಷ

1949ರಲ್ಲಿ ಆಟದಿಂದ ನಿವೃತ್ತರಾಗಿ ಕಾರ್ಲೈಲ್ ತಂಡದ ಹೊಣೆ ಹೊತ್ತ ಶ್ಯಾಂಕ್ಲಿಯವರು ಅನಂತರ ಗ್ರಿಮ್ಸ್‌ಬಿ, ವರ್ಕಿಂಗ್ಟನ್, ಹಡರ್ಸ್‌ಫೀಲ್ಡ್ ತಂಡಗಳಲ್ಲಿ ಕೆಲಸ ಮಾಡಿದರು. ಎಲ್ಲೆಡೆ ಹಣದ ಕೊರತೆ. ಎಲ್ಲೆಡೆ ನಿರ್ದೇಶಕ ಮಂಡಳಿಯೊಡನೆ ಜಟಾಪಟಿ. ಹಡರ್ಸ್‌ಫೀಲ್ಡ್‌ನಲ್ಲಿ 16 ವರ್ಷದ ಡೆನಿಸ್ ಲಾ ಅವರಿಗೆ 1956ರ ಕ್ರಿಸ್‌ಮಸ್ ಮುನ್ನಾದಿನ ಮೊದಲ ಅವಕಾಶ ನೀಡಿದ್ದು ಈ ಅವಧಿಯ ದೊಡ್ಡ ಸಾಧನೆ. ದೊಡ್ಡ ಆಘಾತವೆಂದರೆ 1957ರ ಡಿಸೆಂಬರ್ 21ರಂದು ಚಾರ್ಲ್ಟನ್ ಎದುರಿನ ಪಂದ್ಯ. ಗಾಯಾಳುವಿಗೆ ಬದಲಿ ಆಟಗಾರನನ್ನು ಇಳಿಸುವ ನಿಯಮ ಆಗ ಇರಲಿಲ್ಲ. ಹತ್ತೇ ಮಂದಿ ಉಳಿದಿದ್ದ ಚಾರ್ಲ್ಟನ್ ಎದುರು 5–1ರ ಮುನ್ನಡೆಯಲ್ಲಿದ್ದ ಶ್ಯಾಂಕ್ಲಿಯವರ ತಂಡ ಕೊನೆಗೆ 7–6ರಿಂದ ಸೋತಿತು.

ಲಿವರ್‌ಪೂಲ್

1959ರ ಡಿಸೆಂಬರಿನಲ್ಲಿ ಶ್ಯಾಂಕ್ಲಿಯವರು ಬಂದಾಗ ಲಿವರ್‌ಪೂಲ್ ಐದು ವರ್ಷಗಳಿಂದ ಎರಡನೇ ವಿಭಾಗದಲ್ಲಿತ್ತು. ಅದೇ ವರ್ಷದ ಜನವರಿಯಲ್ಲಿ ಲೀಗ್‌ನಲ್ಲಿಯೇ ಇರದ ವೂಸ್ಟರ್ ಸಿಟಿ ತಂಡಕ್ಕೆ ಎಫ್.ಎ. ಕಪ್‌ನಲ್ಲಿ ಸೋತ ಅವಮಾನ ಇನ್ನೂ ಆರಿರಲಿಲ್ಲ. ತವರು ಮೈದಾನವಾದ ಆನ್‌ಫೀಲ್ಡ್ ಪಾಳು ಬಿದ್ದಂತಿತ್ತು. ಮೆಲ್‌ವುಡ್‌ನ ಅಭ್ಯಾಸದ ಬಯಲಿನಲ್ಲಿ ಹುಲ್ಲು, ಪೊದೆ ಬೆಳೆದಿದ್ದವು. ಮೊದಲ ಪಂದ್ಯದಲ್ಲೇ ಕಾರ್ಡಿಫ್ ಸಿಟಿ ಎದುರು 4–0 ಸೋಲು. ಆದರೆ ಆ ದಿನವೂ ಮೈದಾನಕ್ಕೆ ಬಂದಿದ್ದ ಜನರನ್ನು ಕಂಡ ಶ್ಯಾಂಕ್ಲಿಯವರಿಗೆ ಕ್ಲಬ್ಬಿನ ಬಂಡವಾಳ ಎಲ್ಲಿದೆಯೆಂಬುದು ಗೊತ್ತಾಯಿತು.

ಅವರು ಮಾಡಿದ ಮೊದಲ ಜಾಣ್ಮೆಯ ಕೆಲಸ ಹಳೆಯ ತರಬೇತಿ ಸಿಬ್ಬಂದಿಯನ್ನು ಹೊರಹಾಕದೆ ಉಳಿಸಿಕೊಂಡದ್ದು. ಬಾಬ್ ಪೇಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್ ಬೂಟುಗಳನ್ನಿಡುವ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಕುಳಿತು ಆಟದ ಬಗ್ಗೆ ಚರ್ಚಿಸುತ್ತಿದ್ದರು. ಬೂಟ್ ರೂಮ್ ಎಂದು ಪ್ರಸಿದ್ಧವಾದ ಈ ಕೋಣೆಯಿಂದಲೇ ಮುಂದಿನ ಇಬ್ಬರು ವ್ಯವಸ್ಥಾಪಕರು ಬಂದರು. ವರ್ಷದೊಳಗೆ 24 ಆಟಗಾರರನ್ನು ಬಿಟ್ಟುಕೊಡಲಾಯಿತು. ರಸ್ತೆಯುದ್ದಕ್ಕೂ ಓಡಿಸುವ ಹಳೆಯ ಕ್ರಮದ ಬದಲು ಚೆಂಡಿನೊಂದಿಗೇ ಅಭ್ಯಾಸ, ದಿನಾಲೂ ಐದೈದು ಜನರ ಚಿಕ್ಕ ಪಂದ್ಯ. ಆಟಗಾರರು ಆನ್‌ಫೀಲ್ಡ್‌ನಲ್ಲಿ ಬಟ್ಟೆ ಬದಲಿಸಿ ಬಸ್ಸಿನಲ್ಲಿ ಮೆಲ್‌ವುಡ್‌ಗೆ ಹೋಗಿ, ಮೈ ತಣಿಯುವಷ್ಟು ಹೊತ್ತು ಬಿಟ್ಟು ಹಿಂದಿರುಗಿ ಸ್ನಾನ ಮಾಡಬೇಕಿತ್ತು. ಸ್ನಾಯುಗಳ ಗಾಯ ಕಡಿಮೆಯಾಗಲು ಇದೇ ಕಾರಣವೆಂದು ನಂಬಲಾಗಿತ್ತು.

1961ರಲ್ಲಿ ಮದರ್‌ವೆಲ್‌ನಿಂದ ಇಯಾನ್ ಸೇಂಟ್ ಜಾನ್ ಅವರನ್ನು 37,500 ಪೌಂಡುಗಳಿಗೂ ಡಂಡೀ ಯುನೈಟೆಡ್‌ನಿಂದ ರಾನ್ ಯೀಟ್ಸ್ ಅವರನ್ನೂ ತರಲಾಯಿತು. ಹಣ ಬಿಚ್ಚಲು ಹಿಂಜರಿಯುತ್ತಿದ್ದ ಮಂಡಳಿಯಲ್ಲಿ ನಿರ್ದೇಶಕ ಎರಿಕ್ ಸಾಯರ್ ಶ್ಯಾಂಕ್ಲಿಯವರ ಬೆನ್ನಿಗೆ ನಿಂತರು. ಆ ಋತುವಿನಲ್ಲಿ ರಾಜರ್ ಹಂಟ್ 41 ಲೀಗ್ ಗೋಲು ಹೊಡೆದರು. ತಂಡ ಎರಡನೇ ವಿಭಾಗವನ್ನು ಗೆದ್ದು ಮೇಲೇರಿತು. ಎರಡೇ ವರ್ಷಗಳಲ್ಲಿ, 1964ರ ಏಪ್ರಿಲ್ 18ರಂದು ಆರ್ಸೆನಲ್ ತಂಡವನ್ನು 5–0ರಿಂದ ಸೋಲಿಸಿ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಅದೇ ವರ್ಷದ ನವೆಂಬರಿನಲ್ಲಿ ಆಂಡರ್‌ಲೆಕ್ಟ್ ಎದುರಿನ ಪಂದ್ಯಕ್ಕೆ ಕೆಂಪು ಅಂಗಿಗೆ ಕೆಂಪು ಚಡ್ಡಿಯನ್ನೂ ಸೇರಿಸಲಾಯಿತು. ಆಟಗಾರರು ಎತ್ತರವಾಗಿ, ಭಯ ಹುಟ್ಟಿಸುವಂತೆ ಕಾಣುತ್ತಾರೆಂಬುದು ಶ್ಯಾಂಕ್ಲಿಯವರ ಲೆಕ್ಕಾಚಾರ.

ಕಾಪ್

ಆನ್‌ಫೀಲ್ಡ್‌ನ ಒಂದು ಗೋಲಿನ ಹಿಂದಿನ ಬೃಹತ್ ಮೆಟ್ಟಿಲು ಸಾಲಿಗೆ ಕಾಪ್ ಎಂದು ಹೆಸರು. ಬ್ರಿಟಿಷ್ ಫುಟ್‌ಬಾಲಿನಲ್ಲಿ ಟೆರೇಸ್ ಎಂದರೆ ಮನೆಯ ತಾರಸಿಯಲ್ಲ. ಕುರ್ಚಿಗಳಿಲ್ಲದ, ಕಡಿಮೆ ದರ ಕೊಟ್ಟು ನಿಂತು ನೋಡುವ ಜಾಗ. 1906ರಲ್ಲಿ ಕಟ್ಟಿದ ಈ ದಿಬ್ಬಕ್ಕೆ ದಕ್ಷಿಣ ಆಫ್ರಿಕದ ಸ್ಪಿಯನ್ ಕಾಪ್ ಗುಡ್ಡದ ಹೆಸರನ್ನು ಸ್ಥಳೀಯ ಪತ್ರಕರ್ತ ಅರ್ನೆಸ್ಟ್ ಎಡ್ವರ್ಡ್ಸ್ ಸೂಚಿಸಿದರು. 1900ರ ಜನವರಿಯಲ್ಲಿ ಬೋಯರ್ ಯುದ್ಧದ ಸಂದರ್ಭದಲ್ಲಿ ಅಲ್ಲಿ ಲ್ಯಾಂಕಷೈರ್ ದಳಗಳ ಅನೇಕ ಸೈನಿಕರು ಮಡಿದಿದ್ದರು. ಅದೇ ಕದನದಲ್ಲಿ ಗಾಯಾಳುಗಳನ್ನು ಹೊತ್ತು ಸಾಗಿಸಿದ ಭಾರತೀಯ ಆಂಬ್ಯುಲೆನ್ಸ್ ದಳದಲ್ಲಿ ಮೋಹನದಾಸ ಗಾಂಧಿಯವರಿದ್ದರು ಎಂಬುದು ಭಾರತೀಯ ಓದುಗರಿಗೆ ಕುತೂಹಲ ಹುಟ್ಟಿಸುವ ಸಂಗತಿ.

1928ರಲ್ಲಿ ಮೇಲ್ಛಾವಣಿ ಬಂದ ಮೇಲೆ ಕಾಪ್‌ನಲ್ಲಿ ಒಮ್ಮೆಗೆ 25,000ಕ್ಕೂ ಹೆಚ್ಚು ಮಂದಿ ನಿಲ್ಲುತ್ತಿದ್ದರು. ಹಡಗುಕಟ್ಟೆಯ ಕೂಲಿಗಳು, ಕಾರ್ಖಾನೆಯ ಕೆಲಸಗಾರರು, ಶಾಲೆಯ ಹುಡುಗರು ಶನಿವಾರ ಮಧ್ಯಾಹ್ನ ಮೂರು ಗಂಟೆಯ ಆಟಕ್ಕೆ ತಾಸುಗಳ ಮೊದಲೇ ಬಂದು ಜಾಗ ಹಿಡಿಯುತ್ತಿದ್ದರು. ಗೋಲಿನತ್ತ ಚೆಂಡು ಸಾಗಿದರೆ ಇಡೀ ಸಮೂಹ ಅಲೆಯಂತೆ ಕೆಳಗೆ ಜರುಗಿ ಮತ್ತೆ ಹಿಂದಕ್ಕೆ ಸರಿಯುತ್ತಿತ್ತು. ಮೂರ್ಛೆ ಹೋದವರನ್ನು ತಲೆಗಳ ಮೇಲಿನಿಂದ ಕೈಯಿಂದ ಕೈಗೆ ದಾಟಿಸಿ ಮೈದಾನದ ಅಂಚಿಗೆ ಇಳಿಸುತ್ತಿದ್ದರು. 1960ರ ದಶಕದಲ್ಲಿ ಬೀಟಲ್ಸ್ ಮೊದಲಾದ ಲಿವರ್‌ಪೂಲಿನ ಸಂಗೀತ ತಂಡಗಳು ಜಗತ್ತನ್ನು ಗೆಲ್ಲುತ್ತಿದ್ದಾಗ ಕಾಪ್ ಕೂಡ ಹಾಡತೊಡಗಿತು. ಜೆರಿ ಅಂಡ್ ದಿ ಪೇಸ್‌ಮೇಕರ್ಸ್ ತಂಡವು 1963ರಲ್ಲಿ ಧ್ವನಿಮುದ್ರಿಸಿದ ‘ಯು ವಿಲ್ ನೆವರ್ ವಾಕ್ ಅಲೋನ್’ ಅಲ್ಲಿನ ಪ್ರಾರ್ಥನೆಯಂತಾಯಿತು. ಬಿಬಿಸಿಯ ಪನೋರಮಾ ಕಾರ್ಯಕ್ರಮ 1964ರಲ್ಲಿ ಈ ಹಾಡುವ ಜನಸಮೂಹವನ್ನೇ ವಿಷಯವಾಗಿಸಿ ಚಿತ್ರೀಕರಿಸಿತು.

ಈ ಜನರನ್ನು ಶ್ಯಾಂಕ್ಲಿಯವರು ಗಿರಾಕಿಗಳೆಂದು ಕಾಣಲಿಲ್ಲ. ಹಳೆಯ ಬೆರಳಚ್ಚು ಯಂತ್ರದಲ್ಲಿ ತಾವೇ ಅಭಿಮಾನಿಗಳ ಪತ್ರಗಳಿಗೆ ಉತ್ತರ ಬರೆಯುತ್ತಿದ್ದರು. ಟಿಕೆಟ್ ಸಿಗದವರಿಗೆ ಟಿಕೆಟ್ ಹೊಂದಿಸಿ ಕೊಡುತ್ತಿದ್ದರು. ಕೊನೆಯವರೆಗೂ ವಾಸಿಸಿದ್ದು ವೆಸ್ಟ್ ಡರ್ಬಿಯ ಸಾಧಾರಣ ಮನೆಯೊಂದರಲ್ಲಿ. ಬಾಗಿಲು ಬಡಿದ ಹುಡುಗರೊಂದಿಗೆ ಚೆಂಡಾಡಲು ಹೊರಡುತ್ತಿದ್ದ ಅವರಿಗೆ ಅದೂ ಗೆಲ್ಲಲೇಬೇಕಾದ ಪಂದ್ಯವೇ ಆಗಿತ್ತು. 1973ರ ಏಪ್ರಿಲ್‌ನಲ್ಲಿ ಲೀಗ್ ಪ್ರಶಸ್ತಿ ಖಚಿತವಾದ ದಿನ ಕಾಪ್‌ನ ಮುಂದೆ ನಡೆದು ಹೋಗುತ್ತಿದ್ದಾಗ ಯಾರೋ ಎಸೆದ ಕೆಂಪು ಸ್ಕಾರ್ಫನ್ನು ಪೊಲೀಸನೊಬ್ಬ ಕಾಲಿನಿಂದ ಪಕ್ಕಕ್ಕೆ ತಳ್ಳಿದ. ಶ್ಯಾಂಕ್ಲಿಯವರು ಅವನನ್ನು ಗದರಿಸಿ, ಸ್ಕಾರ್ಫನ್ನು ಎತ್ತಿ ತಮ್ಮ ಕೊರಳಿಗೆ ಸುತ್ತಿಕೊಂಡರು. ಒಬ್ಬ ಬಡವನ ಪಾಲಿಗೆ ಆ ಬಟ್ಟೆಯ ಬೆಲೆ ಏನೆಂಬುದು ಅವರಿಗೆ ತಿಳಿದಿತ್ತು.

ಎರಡು ತಂಡಗಳು

ಶ್ಯಾಂಕ್ಲಿಯವರು ಕಟ್ಟಿದ್ದು ಒಂದಲ್ಲ, ಎರಡು ತಂಡ. ಮೊದಲನೆಯದು 1965ರ ಮೇ 1ರಂದು ಲೀಡ್ಸ್ ತಂಡವನ್ನು ಹೆಚ್ಚುವರಿ ಅವಧಿಯಲ್ಲಿ 2–1ರಿಂದ ಸೋಲಿಸಿ ಕ್ಲಬ್ಬಿನ ಇತಿಹಾಸದಲ್ಲೇ ಮೊದಲ ಎಫ್.ಎ. ಕಪ್ ತಂದಿತು. ಆಟದ ಆರಂಭದಲ್ಲೇ ಕೊರಳೆಲುಬು ಮುರಿದುಕೊಂಡ ಜೆರಿ ಬರ್ನ್ ಎದುರಾಳಿಗಳಿಗೆ ಸುಳಿವು ಕೊಡದೆ ಕೊನೆಯವರೆಗೂ ಆಡಿದರು. ಮೂರು ದಿನಗಳ ಬಳಿಕ ಯುರೋಪಿಯನ್ ಕಪ್ ಸೆಮಿಫೈನಲ್‌ಗೆ ಇಂಟರ್ ಮಿಲಾನ್ ಆನ್‌ಫೀಲ್ಡ್‌ಗೆ ಬಂದಾಗ, ಬರ್ನ್ ಹಾಗೂ ಇನ್ನೊಬ್ಬ ಗಾಯಾಳು ಗಾರ್ಡನ್ ಮಿಲ್ನ್ ಆ ಕಪ್ಪನ್ನು ಹಿಡಿದು ಮೈದಾನದ ಸುತ್ತ ನಡೆದರು. ಆ ಸದ್ದಿನ ನಡುವೆ ಲಿವರ್‌ಪೂಲ್ 3–1ರಿಂದ ಗೆದ್ದಿತಾದರೂ ಮಿಲಾನ್‌ನಲ್ಲಿ 3–0 ಸೋತು ಹೊರಬಿತ್ತು. ಮರುವರ್ಷ ಕೇವಲ 14 ಆಟಗಾರರನ್ನು ಬಳಸಿ ಮತ್ತೆ ಲೀಗ್ ಗೆದ್ದರು.

ಅನಂತರದ ವರ್ಷಗಳು ಬರಡು. ವಯಸ್ಸಾಗುತ್ತಿದ್ದ ಆಟಗಾರರ ಮೇಲಿನ ಮಮತೆಯಿಂದ ಶ್ಯಾಂಕ್ಲಿಯವರು ಬದಲಾವಣೆಯನ್ನು ತಡಮಾಡಿದರೆಂಬುದನ್ನು ಒಪ್ಪಬೇಕಾಗುತ್ತದೆ. 1970ರ ಫೆಬ್ರವರಿಯಲ್ಲಿ ಎರಡನೇ ವಿಭಾಗದ ವಾಟ್‌ಫರ್ಡ್ ಎದುರಿನ ಕಪ್ ಸೋಲು ಕಣ್ಣು ತೆರೆಸಿತು. ಯೀಟ್ಸ್, ಸೇಂಟ್ ಜಾನ್ ಮುಂತಾದವರ ಕಾಲ ಮುಗಿಯಿತು. ರೇ ಕ್ಲೆಮೆನ್ಸ್, ಎಮ್ಲಿನ್ ಹ್ಯೂಸ್, ಸ್ಟೀವ್ ಹೈವೇ, ಜಾನ್ ಟೊಷಾಕ್ ಹಾಗೂ ಕೆಳವಿಭಾಗದ ಸ್ಕಂಥಾರ್ಪ್‌ನಿಂದ ಬಂದ ಕೆವಿನ್ ಕೀಗನ್ ಅವರ ಹೊಸ ತಂಡ 1973ರಲ್ಲಿ ಲೀಗ್ ಪ್ರಶಸ್ತಿಯನ್ನೂ ಕ್ಲಬ್ಬಿನ ಮೊದಲ ಯುರೋಪಿಯನ್ ಪ್ರಶಸ್ತಿಯಾದ ಯುಇಎಫ್‌ಎ ಕಪ್ಪನ್ನೂ ಗೆದ್ದಿತು. 1974ರ ಮೇ ತಿಂಗಳಲ್ಲಿ ನ್ಯೂಕ್ಯಾಸಲ್ ತಂಡವನ್ನು 3–0ರಿಂದ ಮಣಿಸಿ ಎಫ್.ಎ. ಕಪ್ ಎತ್ತಿತು.

ರಾಜೀನಾಮೆ ಮತ್ತು ಕೊನೆಯ ವರ್ಷಗಳು

1974ರ ಜುಲೈ 12ರಂದು, 60ನೇ ವಯಸ್ಸಿನಲ್ಲಿ ಶ್ಯಾಂಕ್ಲಿಯವರು ಹುದ್ದೆ ಬಿಟ್ಟರು. ನಗರ ನಂಬಲಿಲ್ಲ. ಕಾರ್ಖಾನೆಯ ಕೆಲಸಗಾರರು ಕ್ಲಬ್ಬಿಗೆ ದೂರವಾಣಿ ಕರೆ ಮಾಡಿ ಮುಷ್ಕರದ ಬೆದರಿಕೆ ಹಾಕಿದರು. ದಣಿವು, ಕುಟುಂಬಕ್ಕೆ ಸಮಯ ಕೊಡಬೇಕೆಂಬ ಬಯಕೆ ಕಾರಣಗಳೆಂದು ಹೇಳಲಾಯಿತು.

ನಿರ್ಧಾರ ತಪ್ಪೆಂದು ಅವರಿಗೆ ಬೇಗನೆ ಅನ್ನಿಸಿದಂತಿದೆ. ದಿನವೂ ಮೆಲ್‌ವುಡ್‌ಗೆ ಹೋಗಿ ಆಟಗಾರರೊಂದಿಗೆ ಅಭ್ಯಾಸ ಮಾಡತೊಡಗಿದರು. ಆಟಗಾರರು ಹಳೆಯ ರೂಢಿಯಂತೆ ಅವರನ್ನೇ ಬಾಸ್ ಎಂದು ಕರೆಯುತ್ತಿದ್ದುದು ಹೊಸ ವ್ಯವಸ್ಥಾಪಕ ಪೇಸ್ಲಿಯವರಿಗೆ ಇಕ್ಕಟ್ಟನ್ನು ತಂದಿತು. ಕೊನೆಗೆ ಅವರ ಬರವನ್ನು ಕ್ಲಬ್ ಬಯಸುವುದಿಲ್ಲವೆಂಬುದು ಸ್ಪಷ್ಟವಾಯಿತು. ಒಂದೇ ಮೈದಾನದಲ್ಲಿ ಇಬ್ಬರು ಯಜಮಾನರಿರುವುದು ಸಾಧ್ಯವಿರಲಿಲ್ಲ. ಆದರೂ ಕ್ಲಬ್ಬನ್ನು ಕಟ್ಟಿದ ವ್ಯಕ್ತಿಯನ್ನು ಗೌರವದಿಂದ ಉಳಿಸಿಕೊಳ್ಳುವ ದಾರಿ ಹುಡುಕಬಹುದಿತ್ತೆಂದು ವಾದಿಸುವವರಿದ್ದಾರೆ. 1976ರ ಆತ್ಮಕಥೆಯಲ್ಲಿ ಶ್ಯಾಂಕ್ಲಿಯವರು ಈ ನೋವನ್ನು ಮರೆಮಾಚಲಿಲ್ಲ. ತಮ್ಮ ಮನೆಗೆ ಹತ್ತಿರವೇ ಇದ್ದ ಬೆಲ್‌ಫೀಲ್ಡ್‌ನಲ್ಲಿ, ಬದ್ಧ ಪ್ರತಿಸ್ಪರ್ಧಿ ಎವರ್ಟನ್ ತಂಡ ಅವರನ್ನು ಆತ್ಮೀಯವಾಗಿ ಬರಮಾಡಿಕೊಳ್ಳುತ್ತಿತ್ತು. 1975ರಲ್ಲಿ ಒಂದು ಪಂದ್ಯಕ್ಕೆ ಅವರು ಅತಿಥಿಗಳ ಆಸನವನ್ನು ಬಿಟ್ಟು ಕಾಪ್‌ನ ಮೆಟ್ಟಿಲುಗಳ ಮೇಲೆ ಜನರ ನಡುವೆ ನಿಂತರು.

1981ರ ಸೆಪ್ಟೆಂಬರಿನಲ್ಲಿ ಹೃದಯಾಘಾತಕ್ಕೊಳಗಾದ ಶ್ಯಾಂಕ್ಲಿಯವರು 29ರಂದು ನಿಧನರಾದರು. ಅವರ ಚಿತಾಭಸ್ಮವನ್ನು ಆನ್‌ಫೀಲ್ಡ್‌ನಲ್ಲಿ, ಕಾಪ್ ಎದುರಿನ ಹುಲ್ಲಿನ ಮೇಲೆ ಚೆಲ್ಲಲಾಯಿತು.

ಸ್ಮರಣೆ

1982ರ ಆಗಸ್ಟ್‌ನಲ್ಲಿ ನೆಸ್ಸಿಯವರು ಆನ್‌ಫೀಲ್ಡ್‌ನ ಶ್ಯಾಂಕ್ಲಿ ದ್ವಾರವನ್ನು ಉದ್ಘಾಟಿಸಿದರು. 1997ರಲ್ಲಿ ಕಾಪ್‌ನ ಹೊರಗೆ ಸ್ಥಾಪಿಸಿದ ಕಂಚಿನ ಪ್ರತಿಮೆಯಲ್ಲಿ ಅವರ ಕೊರಳಲ್ಲಿ ಸ್ಕಾರ್ಫ್ ಇದೆ.

ಅವರು ಬಲ್ಲ ಕಾಪ್ ಮಾತ್ರ ಉಳಿಯಲಿಲ್ಲ. ನಿಂತು ನೋಡುವ ಸಂಸ್ಕೃತಿಯ ಸೊಗಸಿನ ಬೆನ್ನಲ್ಲೇ ಅಪಾಯವೂ ಇತ್ತು. 1971ರಲ್ಲಿ ಗ್ಲಾಸ್ಗೋದ ಐಬ್ರಾಕ್ಸ್‌ನ ಮೆಟ್ಟಿಲುಗಳಲ್ಲಿ 66 ಜನ ಕಾಲ್ತುಳಿತಕ್ಕೆ ಬಲಿಯಾದರು. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋದಲ್ಲಿ ನಡೆದ ದುರಂತದಲ್ಲಿ ಲಿವರ್‌ಪೂಲ್ ಅಭಿಮಾನಿಗಳು 97 ಮಂದಿ ಪ್ರಾಣ ಕಳೆದುಕೊಂಡರು. ಪೊಲೀಸ್ ವ್ಯವಸ್ಥೆಯ ವೈಫಲ್ಯವೇ ಅದಕ್ಕೆ ಮುಖ್ಯ ಕಾರಣವೆಂದು ನಂತರದ ವಿಚಾರಣೆಗಳು ಕಂಡುಕೊಂಡವು. ಟೇಲರ್ ವರದಿಯ ಶಿಫಾರಸಿನಂತೆ ದೊಡ್ಡ ಕ್ರೀಡಾಂಗಣಗಳಲ್ಲಿ ಎಲ್ಲರಿಗೂ ಆಸನ ಕಡ್ಡಾಯವಾಯಿತು. 1994ರ ಏಪ್ರಿಲ್ 30ರಂದು ನಾರ್ವಿಚ್ ಎದುರಿನ ಪಂದ್ಯ ನಿಂತು ನೋಡುವ ಕಾಪ್‌ನ ಕೊನೆಯ ಪಂದ್ಯವಾಗಿತ್ತು. ಆಟಕ್ಕೆ ಮುನ್ನ ಜೋ ಫೇಗನ್ ಅವರು ನೆಸ್ಸಿ ಶ್ಯಾಂಕ್ಲಿ ಮತ್ತು ಜೆಸ್ಸಿ ಪೇಸ್ಲಿಯವರನ್ನು ಕರೆದುಕೊಂಡು ಆ ಮೆಟ್ಟಿಲುಗಳತ್ತ ನಡೆದು ಬಂದರು.

ಗ್ಲೆನ್‌ಬಕ್ ಹಳ್ಳಿಯೂ ಈಗ ಇಲ್ಲ. ಗಣಿಗಳು ಮುಚ್ಚಿದ ಮೇಲೆ ಜನ ಊರು ಬಿಟ್ಟರು; ಮುಂದೆ ತೆರೆದ ಗಣಿಗಾರಿಕೆ ಉಳಿದ ಮನೆಗಳ ಜಾಗವನ್ನೂ ನುಂಗಿತು. ಶ್ಯಾಂಕ್ಲಿಯವರ ನೆನಪಿಗಾಗಿ 1997ರಲ್ಲಿ ಅಲ್ಲಿ ಇರಿಸಿದ ಸ್ಮಾರಕದ ಬಳಿ ಲಿವರ್‌ಪೂಲಿನಿಂದ ಬರುವ ಅಭಿಮಾನಿಗಳು ಇಂದಿಗೂ ಕೆಂಪು ಸ್ಕಾರ್ಫುಗಳನ್ನು ಕಟ್ಟಿ ಹೋಗುತ್ತಾರೆ.